ಕಾಪರ್‌-ಟಿ ಹಾಕಿಸಿದರೆ ಮಗುವನ್ನು ಕೊಂದ ಹಾಗಾ? ಧರ್ಮ ಏನು ಹೇಳುತ್ತದೆ, ಕಾನೂನು ಏನು ಹೇಳುತ್ತದೆ?

ಪ್ರಶ್ನೆ: ಮಲ್ಲಿಗೆಮನೆ, ಶಂಕರಪುರ

ನಮಸ್ಕಾರ. ಹೆಸರು ಹಾಕುತ್ತಿಲ್ಲ, ತಪ್ಪು ತಿಳಿಯಬೇಡಿ. ನಮ್ಮದು ಶಂಕರಪುರದ ಹತ್ತಿರ ಮಲ್ಲಿಗೆ ಬೆಳೆಯುವ ಕಥೋಲಿಕ್ ಮನೆ. ನನಗೆ ಇಬ್ಬರು ಮಕ್ಕಳು. ದೊಡ್ಡವಳಿಗೆ ನಾಲ್ಕು ವರ್ಷ, ಚಿಕ್ಕವನಿಗೆ ಏಳು ತಿಂಗಳು. ಎರಡೂ ಸಿಸೇರಿಯನ್. ಎರಡನೇ ಸಲ ಹೊಟ್ಟೆ ತೆರೆದಾಗ ಹಳೇ ಹೊಲಿಗೆಯ ಜಾಗ ಕಾಗದದ ಹಾಗೆ ತೆಳುವಾಗಿತ್ತಂತೆ. "ಇನ್ನೊಂದು ಬಸಿರು ಬೇಡಮ್ಮ" ಅಂತ ಡಾಕ್ಟರ್ ನೇರವಾಗಿಯೇ ಹೇಳಿದರು.

ಹಾಗಾದರೆ ಸಿಸೇರಿಯನ್ ಜೊತೆಗೇ ಮಕ್ಕಳಾಗದ ಆಪರೇಷನ್ ಮಾಡಿಬಿಡಿ ಅಂತ ನಾನು ಹಿಂದಿನ ರಾತ್ರಿಯೇ ಕೇಳಿದ್ದೆ. ನಮ್ಮ ಆಸ್ಪತ್ರೆಯಲ್ಲಿ ಅದನ್ನು ಮಾಡುವ ಕ್ರಮ ಇಲ್ಲ ಅಂದರು. ಒಂಬತ್ತು ತಿಂಗಳು ಚೆಕಪ್‌ಗೆ ಹೋಗಿದ್ದೆ, ಒಂದು ದಿನವೂ ಯಾರೂ ಹೇಳಿರಲಿಲ್ಲ. ಮೊದಲೇ ಹೇಳಿದ್ದರೆ ಬೇರೆ ಕಡೆ ಹೋಗುತ್ತಿದ್ದೆ, ಅಲ್ವಾ?

ಈಗ ಆಶಾ ಕಾರ್ಯಕರ್ತೆ ಕಾಪರ್‌-ಟಿ ಹಾಕಿಸಿಕೊಳ್ಳಿ ಅನ್ನುತ್ತಿದ್ದಾರೆ. ಮೊನ್ನೆ ಬೆಳಗ್ಗೆ ಮೊಗ್ಗು ಕೊಯ್ದು ತಂದು ಚೆಂಡು ಕಟ್ಟಲು ಕೂತಿದ್ದೆವು. ಅತ್ತೆ ಬಾಳೆನಾರು ಸೀಳುತ್ತಾ, ತಲೆ ಎತ್ತದೆ, "ಅದು ಒಳಗೆ ಕೂತು ತಿಂಗಳು ತಿಂಗಳು ಒಂದು ಮಗುವನ್ನು ಕೊಲ್ಲುತ್ತದೆ" ಅಂದರು. ಅತ್ತೆ ಕೆಟ್ಟವರಲ್ಲ. ನನ್ನ ಬಾಣಂತನ ಮಾಡಿದವರು ಅವರೇ. ಆದರೆ ಆ ಮಾತು ಕೇಳಿದ ಮೇಲೆ ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಅವರೇ ಇನ್ನೊಂದು ಮಾತೂ ಹೇಳುತ್ತಾರೆ: ಹಾಲು ಕೊಡುತ್ತಿದ್ದೀಯ, ಮುಟ್ಟೂ ಬಂದಿಲ್ಲ, ಮತ್ತೆ ಯಾಕೆ ಹೆದರುವುದು ಅಂತ.

ನನಗೆ ಗೊತ್ತಾಗಬೇಕಾದ್ದು ಇಷ್ಟು. ಕಾಪರ್‌-ಟಿ ನಿಜವಾಗಿ ಗರ್ಭಪಾತವಾ? ನಮ್ಮ ಧರ್ಮ ಇದರ ಬಗ್ಗೆ ಸರಿಯಾಗಿ ಏನು ಹೇಳುತ್ತದೆ? ಹೊಟ್ಟೆಯಲ್ಲಿರುವ ಮಗುವಿಗೆ ನಮ್ಮ ಕಾನೂನಿನಲ್ಲಿ ಹಕ್ಕು ಉಂಟಾ? ಗಂಡನ ಸಹಿ ಬೇಕಾ? ಅವರು ಬೇಡ ಅನ್ನುವುದಿಲ್ಲ, ಆದರೆ ಅಮ್ಮನ ಎದುರು ಬಾಯಿ ತೆರೆಯುವುದಿಲ್ಲ.

ಉತ್ತರ: ನಿವೃತ್ತ ಬಾಯಮ್ಮ, ಕುಂದಾಪುರ

ತಂಗಿ, ಉಳಿದದ್ದು ರಾತ್ರಿ ಕೂತು ಬರೆಯುತ್ತೇನೆ. ಈಗ ಒಂದೇ ಮಾತು. ಮಗುವಿಗೆ ಏಳು ತಿಂಗಳು ಅಂದರೆ ರಾಗಿ ಮಣ್ಣಿ ಶುರು ಮಾಡಿರುತ್ತೀಯ. ಎದೆಹಾಲು ಬಸಿರು ತಡೆಯುತ್ತದೆ ಅನ್ನುವುದು ಸುಳ್ಳಲ್ಲ. ಆದರೆ ಅದಕ್ಕೆ ಮಗು ಆರು ತಿಂಗಳ ಒಳಗಿರಬೇಕು, ಹಗಲೂ ರಾತ್ರಿ ಬರೀ ಎದೆಹಾಲೇ ಆಗಿರಬೇಕು, ಮುಟ್ಟು ಬಂದಿರಬಾರದು. ಮೂರೂ ಒಟ್ಟಿಗೆ ಇರಬೇಕು. ಒಂದು ತಪ್ಪಿದರೂ ಅದನ್ನು ನಂಬುವ ಹಾಗಿಲ್ಲ. ಮೊದಲ ಮುಟ್ಟು ಬರುವ ಮುಂಚೆಯೇ ಬಸಿರು ನಿಲ್ಲಬಹುದು. ಆಶಾ ಹತ್ತಿರ ಬಸಿರು ಪರೀಕ್ಷೆಯ ನಿಶ್ಚಯ್ ಕಿಟ್ ಇರುತ್ತದೆ, ದುಡ್ಡು ಕೊಡಬೇಕಾಗಿಲ್ಲ. ನಾಳೆ ಬೆಳಗ್ಗೆಯೇ ನೋಡಿಕೋ.

ಉತ್ತರ: ಕುಲಶೇಖರದ ಮೇಷ್ಟ್ರು

ನಾನೂ ಕಥೋಲಿಕ. ಮದುವೆಯಾಗುವ ಹುಡುಗ ಹುಡುಗಿಯರಿಗೆ ನಡೆಯುವ ಕೋರ್ಸಿನಲ್ಲಿ ಹಲವು ವರ್ಷ ಪಾಠ ಮಾಡಿದ್ದೇನೆ. ನನ್ನ ನಂಬಿಕೆಯನ್ನು ಮುಚ್ಚಿಡದೆ ಹೇಳುತ್ತೇನೆ: ಗರ್ಭ ಕಟ್ಟಿದ ಕ್ಷಣದಿಂದ ಅದು ಮನುಷ್ಯ ಜೀವ ಅಂತಲೇ ನಾನು ನಂಬಿದ್ದೇನೆ. ಆದರೂ ನಿಮ್ಮ ಅತ್ತೆಯವರ ಮಾತು ಧರ್ಮಸಭೆಯ, ಅಂದರೆ ಕಥೋಲಿಕ್ ಚರ್ಚಿನ, ಬೋಧನೆಯಲ್ಲ.

ಪೋಪ್ ಆರನೇ ಪಾವ್ಲ್ 1968ರ ಜುಲೈ 25ರಂದು 'ಹುಮಾನೆ ವಿಟೆ' ಎಂಬ ಪತ್ರ ಬರೆದರು. ಕೃತಕ ಗರ್ಭನಿರೋಧ ಬೇಡ, ಸಂತಾನಶಕ್ತಿ ನಿಲ್ಲಿಸುವ ಆಪರೇಷನ್ ಬೇಡ, ಹೆಣ್ಣಿನ ಋತುಚಕ್ರದ ದಿನ ನೋಡಿಕೊಂಡು ನಡೆಯಬಹುದು ಅಂತ ಅದರಲ್ಲಿದೆ. ಮಕ್ಕಳ ನಡುವೆ ಅಂತರ ಬೇಕು ಅನ್ನುವುದನ್ನು ಅದು ತಪ್ಪು ಅಂದಿಲ್ಲ. ಕಾಯಿಲೆಗೆ ಕೊಡುವ ಮದ್ದಿನಿಂದ ಗರ್ಭ ನಿಲ್ಲದೆ ಹೋದರೆ ಅದನ್ನೂ ತಪ್ಪು ಅಂದಿಲ್ಲ. ಮುಟ್ಟಿನ ತೊಂದರೆಗೆ ಮಾತ್ರೆ ತೆಗೆದುಕೊಳ್ಳುವ ಹುಡುಗಿಯರು ಸುಮ್ನೆ ಹೆದರುವುದನ್ನು ನೋಡಿದ್ದೇನೆ, ಅದಕ್ಕೇ ಬರೆದೆ.

ಗರ್ಭಪಾತದ ಲೆಕ್ಕ ಬೇರೆ. ಅದಕ್ಕೆ ಧರ್ಮಸಭೆಯ ಕಾನೂನಿನಲ್ಲಿ ಬಹಿಷ್ಕಾರದ ಶಿಕ್ಷೆ ಉಂಟು. ಗರ್ಭನಿರೋಧಕ್ಕೆ ಆ ಶಿಕ್ಷೆ ಇಲ್ಲ. ಗರ್ಭಪಾತದ ಪಾಪಕ್ಕೂ ಕ್ಷಮೆ ಕೊಡುವ ಅಧಿಕಾರವನ್ನು ಪೋಪ್ ಫ್ರಾನ್ಸಿಸ್ 2016ರಲ್ಲಿ ಎಲ್ಲ ಪಾದ್ರಿಗಳಿಗೂ ಖಾಯಂ ಆಗಿ ಕೊಟ್ಟರು. ಹಿಂದಿನ ಚರಿತ್ರೆಯೂ ಒಂದೇ ಗೆರೆಯಲ್ಲಿ ಬಂದದ್ದಲ್ಲ. ಗರ್ಭಪಾತ ಯಾವತ್ತೂ ಪಾಪವೇ ಆಗಿತ್ತು. ಆದರೆ ಸಂತ ಥಾಮಸ್ ಅಕ್ವಿನಾಸ್ ಕಾಲದಲ್ಲಿ ಗರ್ಭಕ್ಕೆ ಆತ್ಮ ಬರುವುದು ಕೆಲವು ವಾರ ಕಳೆದ ಮೇಲೆ ಅಂತಿದ್ದರು. ಆತ್ಮ ಬರುವ ಮುಂಚೆ, ಬಂದ ಮೇಲೆ ಅಂತ ಶಿಕ್ಷೆಯಲ್ಲಿದ್ದ ವ್ಯತ್ಯಾಸ ಪೂರ್ತಿ ಹೋದದ್ದು 1869ರಲ್ಲಿ.

ಕಾಪರ್‌-ಟಿ ಬಗ್ಗೆ ನಮ್ಮವರ ಅಳುಕು ಎಲ್ಲಿಂದ ಬಂತು ಅಂದರೆ, ವೀರ್ಯ ಮತ್ತು ಅಂಡ ಸೇರಿದ ಮೇಲೆ ಅದು ಗರ್ಭಕೋಶಕ್ಕೆ ಅಂಟದಂತೆ ಇದು ತಡೆಯುತ್ತದೇನೋ ಅನ್ನುವಲ್ಲಿಂದ. ಅದು ವೈದ್ಯರು ಹೇಳಬೇಕಾದ ಮಾತು. ನನ್ನ ಸಲಹೆ, ದಿನ ಲೆಕ್ಕ ಹಾಕುವ ಕ್ರಮವನ್ನು ಒಮ್ಮೆ ಸರಿಯಾಗಿ ಕಲಿತು ನೋಡಿ. ನಾನೂ ನನ್ನ ಹೆಂಡತಿಯೂ ಹಾಗೇ ನಡೆದವರು.

ಉತ್ತರ: ನಿವೃತ್ತ ಬಾಯಮ್ಮ, ಕುಂದಾಪುರ

ಮೇಷ್ಟ್ರೇ, ನೀವು ಬಿಡಿಸಿ ಹೇಳಿದ್ದು ತುಂಬಾ ಒಳ್ಳೆಯದಾಯಿತು. ಆದರೆ ನಿಮ್ಮ ಸಲಹೆ ಈ ಹುಡುಗಿಗೆ ಈಗ ಆಗುವುದಿಲ್ಲ. ಹಾಲು ಕೊಡುವಾಗ ಮುಟ್ಟೇ ಬಂದಿರುವುದಿಲ್ಲ, ಬಂದರೂ ತಾಳ ತಪ್ಪಿರುತ್ತದೆ. ಯಾವ ದಿನದಿಂದ ಲೆಕ್ಕ ಹಾಕುವುದು? ಹೊಲಿಗೆ ಕಾಗದದಷ್ಟು ತೆಳು ಇರುವವಳಿಗೆ ಒಂದು ಲೆಕ್ಕ ತಪ್ಪಿದರೆ ಹೋಗುವುದು ಅವಳ ಜೀವ.

ನಾನು 33 ವರ್ಷ ಸರ್ಕಾರಿ ದಾದಿ ಕೆಲಸದಲ್ಲಿದ್ದವಳು. ಉಪಕೇಂದ್ರದಲ್ಲಿ, ಆಮೇಲೆ ಹೆರಿಗೆ ವಾರ್ಡಿನಲ್ಲಿ. ಊರಿನವರಿಗೆ ನಾನು ಬಾಯಮ್ಮ. ಕಾಪರ್‌-ಟಿಗೆ ನಾವು ವಂಕಿ ಅನ್ನುತ್ತಿದ್ದೆವು. ಹೆದರಿದವರ ಅಂಗೈಯಲ್ಲಿ ಅದನ್ನು ಇಟ್ಟು ತೋರಿಸುತ್ತಿದ್ದೆ. ಕಿರುಬೆರಳಿನ ಎರಡು ಗೆಣ್ಣಿನಷ್ಟು ಉದ್ದ. ಬಿಳಿ ಪ್ಲಾಸ್ಟಿಕ್ಕಿನ ಎರಡು ಕೈ, ಒಂದು ಕಾಲು. ಕಾಲಿಗೆ ಕೂದಲಿನಂಥ ತಾಮ್ರದ ತಂತಿ ಸುತ್ತಿರುತ್ತದೆ, ಕೆಳಗೆ ಎರಡು ನೂಲು. ಇಷ್ಟೇ. ಎಷ್ಟೋ ಜನ ಅದನ್ನು ನೋಡಿ "ಇದಾ?" ಅಂತ ಉಸಿರು ಬಿಟ್ಟಿದ್ದಾರೆ. ಅವರ ಮನಸ್ಸಿನಲ್ಲಿ ಕತ್ತಿಯ ಹಾಗೆ ಏನೋ ಇತ್ತು.

ಆ ತಾಮ್ರ ಗಂಡಸಿನ ವೀರ್ಯಾಣುವನ್ನು ಕೆಡಿಸುತ್ತದೆ. ಅದರ ಮುಖ್ಯ ಕೆಲಸ ಅದು. ಅಂದರೆ ಹೆಚ್ಚಿನ ಸಲ ಅಂಡ ಮತ್ತು ವೀರ್ಯ ಸೇರುವುದೇ ಇಲ್ಲ. ತಿಂಗಳಿಗೊಂದು ಮಗು ಸಾಯುತ್ತದೆ ಅನ್ನುವುದು ಸುಳ್ಳು. ಅಪರೂಪಕ್ಕೆ ಸೇರಿದರೆ ಅಂಟದಂತೆ ಆಗಬಹುದಾ? ಆಗಲೇ ಆಗದು ಅಂತ ನಾನು ಹೇಳುವುದಿಲ್ಲ. ವೈದ್ಯರು ಬಸಿರನ್ನು ಲೆಕ್ಕಕ್ಕೆ ಹಿಡಿಯುವುದು ಗರ್ಭಕೋಶಕ್ಕೆ ಅಂಟಿದ ಮೇಲೆ. ನಿಮ್ಮ ಧರ್ಮಸಭೆ ಹಿಡಿಯುವುದು ಅಂಡ, ವೀರ್ಯ ಸೇರಿದಲ್ಲಿಂದ. ಈ ಎರಡರ ನಡುವೆ ಇರುವುದು ಸುಮಾರು ಒಂದು ವಾರ. ಜಗಳವೆಲ್ಲ ಆ ಒಂದು ವಾರದ ಮೇಲೆ. ಅದು ಗೊತ್ತಿದ್ದು ನೀನು ತೀರ್ಮಾನ ಮಾಡಿದರೆ ಅದು ನಿನ್ನ ತೀರ್ಮಾನ. ಕೊಲೆ ಅನ್ನುವ ಮಾತಿಗೆ ಹೆದರಿ ಮಾಡಿದರೆ ಅದು ಬೇರೆಯವರ ತೀರ್ಮಾನ.

ಈ ಹೆದರಿಕೆ ನಿಮ್ಮವರದು ಮಾತ್ರ ಅಂದುಕೊಳ್ಳಬೇಡ. ಉಪಕೇಂದ್ರದಲ್ಲಿ ಇದ್ದಾಗ ಒಬ್ಬಳು ಬರುತ್ತಿದ್ದಳು. ಹಿಂದೂ ಮನೆ, ಮೂರು ಮಕ್ಕಳು. ವಂಕಿ ಹಾಕಿಸಿಕೊಳ್ಳಲು ಒಪ್ಪಿದ್ದಳು. ಮಾರನೇ ದಿನ ಅಜ್ಜಿ ಬಂದು ಅದು ಭ್ರೂಣಹತ್ಯೆ, ಏಳು ಜನ್ಮಕ್ಕೂ ಮಕ್ಕಳಾಗುವುದಿಲ್ಲ ಅಂತ ಹೇಳಿ ಹೋದರು. ಐದಾರು ತಿಂಗಳು ಕಳೆದು ಅವಳು ಮತ್ತೆ ಬಸುರಿಯಾದಳು. ನನ್ನ ಹತ್ತಿರ ಬರಲು ನಾಚಿಕೆ. ಬಸಿರು ತೆಗೆಸಲು ಯಾರ ಹತ್ತಿರವೋ ಹೋಗಿ ಕಡ್ಡಿ ಹಾಕಿಸಿಕೊಂಡಳು. ನಾನು ನೋಡುವಾಗ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿದ್ದರು. ಸೀರೆ ಪೂರ್ತಿ ಒದ್ದೆ, ಮೈ ಕೆಂಡ. ವಾಸನೆ ಈಗಲೂ ಮೂಗಿನಲ್ಲಿ ಉಂಟು. ಜೀವ ಉಳಿಯಿತು, ಗರ್ಭಕೋಶ ಹೋಯಿತು. ಆಗ ಅವಳಿಗೆ 26 ವರ್ಷ. ಭ್ರೂಣಹತ್ಯೆ ಆಗಬಾರದು ಅಂತ ಆ ಅಜ್ಜಿ ವಂಕಿ ಬಿಡಿಸಿದ್ದರು. ಆದದ್ದು ಅದೇ. ನನಗೆ ಆ ಅಜ್ಜಿಯ ಮೇಲೆ ಸಿಟ್ಟಿಲ್ಲ. ಶಾಸ್ತ್ರದಲ್ಲಿ ಭ್ರೂಣಹತ್ಯೆ ಮಹಾಪಾಪ ಅಂತ ಇರುವುದು ನಿಜ. ಆದರೆ ಬಸಿರೇ ಇಲ್ಲದ ಕಡೆ ಭ್ರೂಣ ಎಲ್ಲಿಂದ ಬಂತು ಅಂತ ಅವರಿಗೆ ಕೂತು ಹೇಳುವವರು ಯಾರೂ ಇರಲಿಲ್ಲ. ನಾನೂ ಹೇಳಲಿಲ್ಲ. ಆ ದಿನ ಲಸಿಕೆ ಹಾಕುವ ಗಡಿಬಿಡಿಯಲ್ಲಿದ್ದೆ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಸವಿತಾ ಹಾಲಪ್ಪನವರ ನೆನಪಿದೆಯಾ? ನಮ್ಮ ಬೆಳಗಾವಿಯ ಹುಡುಗಿ, ಹಲ್ಲಿನ ಡಾಕ್ಟರ್, 31 ವರ್ಷ. ಐರ್ಲೆಂಡಿನ ಗಾಲ್ವೆಯಲ್ಲಿ ಇದ್ದಳು. 17 ವಾರಕ್ಕೆ ಗರ್ಭ ಜಾರಲು ಶುರುವಾಯಿತು. ಮಗು ಉಳಿಯುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ತೆಗೆಯಿರಿ ಅಂತ ಅವಳೇ ಕೇಳಿದಳು. ಮಗುವಿನ ಎದೆಬಡಿತ ಇನ್ನೂ ಕೇಳುತ್ತಿದೆ, ಹಾಗಾಗಿ ಆಗುವುದಿಲ್ಲ ಅಂದರು. ಇದು ಕಥೋಲಿಕ್ ದೇಶ ಅನ್ನುವ ಮಾತೂ ಅವಳ ಕಿವಿಗೆ ಬಿತ್ತು. ನಂಜೇರಿ 2012ರ ಅಕ್ಟೋಬರ್ 28ರಂದು ಹೋದಳು. ತಾಯಿಯ ಜೀವಕ್ಕೂ ಹುಟ್ಟದ ಮಗುವಿನ ಜೀವಕ್ಕೂ ಸಮಾನ ಹಕ್ಕು ಅಂತ ಆ ದೇಶದ ಸಂವಿಧಾನದಲ್ಲಿ 1983ರಲ್ಲಿ ಬರೆದಿದ್ದರು. 2018ರ ಮೇ 25ರಂದು ಜನಮತ ಆಯಿತು. ಶೇಕಡಾ 66.4 ಜನ ಅದನ್ನು ತೆಗೆಯಿರಿ ಅಂತ ವೋಟು ಹಾಕಿದರು. ಅವರಲ್ಲಿ ಎಷ್ಟೋ ಜನ ಇಗರ್ಜಿಗೆ ಹೋಗುವವರೇ ಇದ್ದಿರಬೇಕು. ಅವಳು ಹೋದ ಸುದ್ದಿ ಬಂದ ದಿನ ನಾನು ನೈಟ್ ಡ್ಯೂಟಿಯಲ್ಲಿದ್ದೆ. ಪೇಪರಿನಲ್ಲಿ ಅವಳ ಫೋಟೋ ನೋಡಿ ಅತ್ತಿದ್ದೇನೆ. ಗರ್ಭ ಜಾರುವಾಗ ಏನು ಮಾಡಬೇಕು ಅಂತ ನಮ್ಮ ವಾರ್ಡಿನ ಆಯಾಗೂ ಗೊತ್ತಿತ್ತು.

ಉತ್ತರ: ಉಡುಪಿ ವಕೀಲೆ

ಕಾನೂನಿನ ಭಾಗ ನಾನು ಹೇಳುತ್ತೇನೆ. ಕಾಪರ್‌-ಟಿ, ಮಾತ್ರೆ, ಇಂಜೆಕ್ಷನ್, ಆಪರೇಷನ್, ಇದು ಯಾವುದೂ ನಮ್ಮ ಕಾನೂನಿನಲ್ಲಿ ಗರ್ಭಪಾತ ಅಲ್ಲ. 18 ದಾಟಿದವರಿಗೆ ಗಂಡನ ಸಹಿ ಬೇಕು ಅಂತ ಕಾನೂನು ಎಲ್ಲೂ ಕೇಳುವುದಿಲ್ಲ. ಸಂತಾನಹರಣ ಆಪರೇಷನ್ನಿಗೂ ಸರ್ಕಾರದ ಮಾರ್ಗಸೂಚಿಯಲ್ಲಿ ಗಂಡನ ಒಪ್ಪಿಗೆ ಕಡ್ಡಾಯವಿಲ್ಲ. ಕೆಲವು ಆಸ್ಪತ್ರೆಗಳು ಪದ್ಧತಿ ಅಂತ ಕೇಳುತ್ತವೆ. "ಇದು ಯಾವ ನಿಯಮ?" ಅಂತ ನೀವು ಧೈರ್ಯವಾಗಿ ಕೇಳಬಹುದು.

ಗರ್ಭಪಾತ ನಮ್ಮಲ್ಲಿ ಮುಕ್ತ ಹಕ್ಕು ಅಂತ ಹಲವರು ತಿಳಿದಿದ್ದಾರೆ. ಹಾಗಿಲ್ಲ. ಅದು ಮೊದಲು ಭಾರತೀಯ ದಂಡ ಸಂಹಿತೆಯ 312ನೇ ಕಲಮಿನಲ್ಲಿ ಅಪರಾಧವಾಗಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 88ರಲ್ಲೂ ಅಪರಾಧವೇ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಕೊಟ್ಟದ್ದು ವಿನಾಯಿತಿ. 2021ರ ತಿದ್ದುಪಡಿಯ ಮೇಲೆ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರ ಕೆಲವು ವರ್ಗದ ಹೆಂಗಸರಿಗೆ ಮಾತ್ರ, ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಮಗುವಿಗೆ ಗಂಭೀರ ದೋಷ ಇದ್ದರೆ ವೈದ್ಯಕೀಯ ಮಂಡಳಿ ನೋಡುತ್ತದೆ, ಅಲ್ಲಿ ವಾರದ ಮಿತಿ ಇಲ್ಲ. ಗರ್ಭನಿರೋಧ ವಿಫಲವಾದದ್ದೂ ಒಂದು ಕಾರಣವಾಗುತ್ತದೆ. ಹಿಂದೆ ಅಲ್ಲಿ ಮದುವೆಯಾದ ಹೆಂಗಸು, ಅವಳ ಗಂಡ ಅಂತಿತ್ತು. ಈಗ ಯಾವುದೇ ಹೆಂಗಸು, ಅವಳ ಸಂಗಾತಿ ಅಂತ ಇದೆ. 24 ವಾರದ ಅವಕಾಶ ಅವಿವಾಹಿತರಿಗೂ ಉಂಟು ಅಂತ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿತು.

ಇನ್ನೊಂದು ಗೊಂದಲ. ಸ್ಕ್ಯಾನಿಂಗ್ ಸೆಂಟರಿನ ಬಾಗಿಲಲ್ಲಿ ಭ್ರೂಣದ ಲಿಂಗ ಪತ್ತೆ ಅಪರಾಧ ಅಂತ ಬೋರ್ಡ್ ಇರುತ್ತದಲ್ಲ, ಅದನ್ನು ಓದಿ ಗರ್ಭಪಾತವೇ ನಿಷೇಧ ಅಂದುಕೊಳ್ಳುವವರು ಜಾಸ್ತಿ. ಅದು 1994ರ ಬೇರೆ ಕಾಯ್ದೆ.

ಹೊಟ್ಟೆಯ ಮಗುವಿಗೆ ಹಕ್ಕು ಉಂಟಾ ಅಂದರೆ, ಕೆಲವು ಕಡೆ ಉಂಟು. ಮಲ್ಪೆಯ ಒಬ್ಬರು ಸಮುದ್ರಕ್ಕೆ ಹೋದವರು ವಾಪಸ್ ಬರಲಿಲ್ಲ. ಹೆಂಡತಿಗೆ ಆಗ ನಾಲ್ಕು ತಿಂಗಳು. ಅವರು ದುಡಿದು ಕಟ್ಟಿದ ಮನೆಯ ಪಾಲಿನ ವಿಷಯ ನನ್ನ ಹತ್ತಿರ ಬಂತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 20ನೇ ಕಲಮು ತೆಗೆದು ತೋರಿಸಿದೆ. ತಂದೆ ಸಾಯುವಾಗ ಹೊಟ್ಟೆಯಲ್ಲಿದ್ದ ಮಗು ಜೀವಂತ ಹುಟ್ಟಿದರೆ, ಮೊದಲೇ ಹುಟ್ಟಿದ್ದ ಮಕ್ಕಳ ಹಾಗೆಯೇ ಅದಕ್ಕೆ ಪಾಲು. ಜೀವಂತ ಹುಟ್ಟಬೇಕು, ಅಲ್ಲೇ ಇರುವುದು ವಿಷಯ. ಹೆಂಗಸಿನ ಒಪ್ಪಿಗೆ ಇಲ್ಲದೆ ಯಾರಾದರೂ ಗರ್ಭಪಾತ ಮಾಡಿಸಿದರೆ ಜೀವಾವಧಿವರೆಗೂ ಶಿಕ್ಷೆ ಆಗಬಹುದು. ಅಂದರೆ ಹೊರಗಿನವರಿಂದ ಕಾನೂನು ಮಗುವನ್ನು ಕಾಯುತ್ತದೆ. ತಾಯಿಯ ಎದುರು ಆ ಮಗುವನ್ನು ಇನ್ನೊಬ್ಬ ವ್ಯಕ್ತಿ ಅಂತ ನಿಲ್ಲಿಸುವುದಿಲ್ಲ.

ಆದರೆ ನ್ಯಾಯಮೂರ್ತಿಗಳಿಗೂ ಇದು ಸುಲಭ ಇಲ್ಲ. 2023ರ ಅಕ್ಟೋಬರಿನಲ್ಲಿ ಎರಡು ಮಕ್ಕಳ ತಾಯಿ ಒಬ್ಬಳು ಸುಪ್ರೀಂ ಕೋರ್ಟಿಗೆ ಹೋಗಿದ್ದಳು. ಹಾಲು ಕೊಡುತ್ತಿದ್ದಳು, ಮುಟ್ಟು ಬಂದಿರಲಿಲ್ಲ, ಬಸಿರು ಗೊತ್ತಾಗುವಾಗ ತುಂಬಾ ತಡವಾಗಿತ್ತು. ಹೆರಿಗೆಯ ನಂತರದ ಖಿನ್ನತೆಗೆ ಮದ್ದು ತೆಗೆದುಕೊಳ್ಳುತ್ತಿದ್ದಳು. ಪೀಠ ಮೊದಲು ಒಪ್ಪಿತು. ಮಗು ಜೀವಂತ ಹುಟ್ಟುವ ಸಾಧ್ಯತೆ ಇದೆ ಅಂತ ಏಮ್ಸ್ ವೈದ್ಯರು ಬರೆದ ಮೇಲೆ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಬೇರೆಯಾಯಿತು. ಹಿಮಾ ಕೊಹ್ಲಿ ಅವರಿಗೆ ಅನುಮತಿ ಕೊಡಲು ಮನಸ್ಸಾಗಲಿಲ್ಲ. ನಮ್ಮ ಕರ್ನಾಟಕದ ಬಿ.ವಿ. ನಾಗರತ್ನ ಅವರು ಆ ತಾಯಿಯ ತೀರ್ಮಾನವನ್ನು ಗೌರವಿಸಬೇಕು ಅಂದರು. ಅಕ್ಟೋಬರ್ 16ರಂದು ಮೂವರ ಪೀಠ ಅರ್ಜಿ ತಿರಸ್ಕರಿಸಿತು. 26 ವಾರ ದಾಟಿತ್ತು, ತಾಯಿಯ ಜೀವಕ್ಕೆ ತಕ್ಷಣದ ಅಪಾಯ ಇಲ್ಲ, ಮಗುವಿಗೆ ದೋಷ ಇಲ್ಲ ಅನ್ನುವುದು ಕಾರಣ. ಮಲ್ಲಿಗೆಮನೆಯವರೇ, ಬಾಯಮ್ಮನವರು ಟೆಸ್ಟ್ ಮಾಡಿಕೋ ಅಂದದ್ದು ಸುಮ್ನೆ ಅಲ್ಲ. ಆ ಹೆಂಗಸಿನ ಕಥೆಯೂ ನಿಮ್ಮ ಹಾಗೇ ಶುರುವಾದದ್ದು.

ಇನ್ನು ಆಪರೇಷನ್ ಮಾಡುವುದಿಲ್ಲ ಅಂದ ಆಸ್ಪತ್ರೆಯ ವಿಷಯ. ನಂಬಿಕೆಯ ಕಾರಣಕ್ಕೆ ವೈದ್ಯರು ಹಿಂದೆ ಸರಿಯಬಹುದು ಅಂತ ಬ್ರಿಟನ್ನಿನ 1967ರ ಗರ್ಭಪಾತ ಕಾಯ್ದೆಯಲ್ಲಿ ಒಂದು ಕಲಮು ಉಂಟು. ನಮ್ಮ 1971ರ ಕಾಯ್ದೆಯಲ್ಲಿ ಅಂಥದ್ದು ಇಲ್ಲ. ಎಲ್ಲ ಆಸ್ಪತ್ರೆಯೂ ಮಾಡಲೇಬೇಕು ಅಂತಲೂ ಇಲ್ಲ. ಅವರ ನಂಬಿಕೆ ಅವರಿಗಿರಲಿ. ಆದರೆ ಮೊದಲ ಚೆಕಪ್‌ನಲ್ಲೇ ಹೇಳಬೇಕಿತ್ತು. ನಿಮಗೆ ಆದದ್ದು ಅನ್ಯಾಯ.

ಉತ್ತರ: ಉಳ್ಳಾಲದಿಂದ

ನಾನು ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್, ಬ್ಯಾರಿ ಹುಡುಗಿ. ನಮ್ಮಲ್ಲೂ ಇದೇ ಕಥೆ. ಪ್ರವಾದಿಯವರ ಕಾಲದಲ್ಲಿ ಅಝ್ಲ್ ಇತ್ತು, ಅಂದರೆ ಗಂಡಸು ವೀರ್ಯವನ್ನು ಹೊರಗೆ ಬಿಡುವುದು. ಅದನ್ನು ತಡೆಯಲಿಲ್ಲ ಅಂತ ಹದೀಸ್ ಇದೆ. ಅದೇ ಆಧಾರದಲ್ಲಿ ತಾತ್ಕಾಲಿಕ ಗರ್ಭನಿರೋಧವನ್ನು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಪೂರ್ತಿ ನಿಲ್ಲಿಸುವ ಆಪರೇಷನ್ನಿಗೆ ಕಾರಣ ಕೇಳುತ್ತಾರೆ. ಗರ್ಭಕ್ಕೆ ರೂಹ್, ಅಂದರೆ ಆತ್ಮ, ಬರುವುದು 120 ದಿನಕ್ಕೆ ಅಂತ ಲೆಕ್ಕ, ಅದರ ಮುಂಚಿನ ವಿಷಯದಲ್ಲಿ ನಮ್ಮ ಶಾಫಿ ಪಂಥದ ವಿದ್ವಾಂಸರಲ್ಲೇ ಒಂದೇ ಮಾತಿಲ್ಲ. ತಾಯಿಯ ಜೀವಕ್ಕೆ ಅಪಾಯ ಅಂದರೆ ತಾಯಿಯೇ ಮೊದಲು. ನನ್ನ ಅಕ್ಕನಿಗೆ ಮೂರನೇ ಸಿಸೇರಿಯನ್ ಆದ ಮೇಲೆ ಭಾವ ಉಸ್ತಾದರ ಹತ್ತಿರ ಕೇಳಲು ಹೋದರು. ಡಾಕ್ಟರ್ ಏನು ಹೇಳಿದ್ದಾರೋ ಹಾಗೆ ಮಾಡಿ ಅಂತ ಎರಡೇ ನಿಮಿಷದಲ್ಲಿ ಹೇಳಿ ಕಳಿಸಿದರು. ಮನೆಯಲ್ಲಿ ಮಾತ್ರ ಆರು ತಿಂಗಳು ವಾದ ಆಗಿತ್ತು.

ಒಂದು ಎಚ್ಚರಿಕೆ. ಗರ್ಭಪಾತದ ಮಾತ್ರೆಯ ಕಿಟ್ ಚೀಟಿ ಇಲ್ಲದೆ ಕೊಡಿ ಅಂತ ನನ್ನ ಹತ್ತಿರ ಬರುತ್ತಾರೆ. ಹೆಚ್ಚಾಗಿ ಗಂಡಸರು, ಅಂಗಡಿ ಖಾಲಿಯಾಗುವವರೆಗೆ ಬದಿಯಲ್ಲಿ ನಿಂತಿದ್ದು. ನಾನು ಕೊಡುವುದಿಲ್ಲ. ಗರ್ಭ ನಳಿಕೆಯಲ್ಲಿ ನಿಂತಿದ್ದರೆ ಆ ಮಾತ್ರೆ ತಿಂದವಳ ಜೀವಕ್ಕೆ ಬರುತ್ತದೆ, ಹಳೇ ಹೊಲಿಗೆ ಇರುವವರು ಅಂತೂ ಡಾಕ್ಟರ್ ಇಲ್ಲದೆ ಮುಟ್ಟಬಾರದು. ಗಂಡ ಹೆಂಡತಿ ಸೇರಿದ ಎಪ್ಪತ್ತೆರಡು ಗಂಟೆಯೊಳಗೆ ತಿನ್ನುವ ತುರ್ತು ಮಾತ್ರೆ ಬೇರೆ, ಇದು ಬೇರೆ. ಅದು ಅಂಡ ಬಿಡುಗಡೆಯಾಗುವುದನ್ನು ಮುಂದಕ್ಕೆ ಹಾಕುತ್ತದೆ, ನಿಂತ ಬಸಿರನ್ನು ತೆಗೆಯುವುದಿಲ್ಲ.

ಮಲ್ಲಿಗೆಮನೆ, ಶಂಕರಪುರ

ಎಲ್ಲರಿಗೂ ಕೈ ಮುಗಿಯುತ್ತೇನೆ. ಬಾಯಮ್ಮ, ಇವತ್ತು ಬೆಳಗ್ಗೆ ಟೆಸ್ಟ್ ಮಾಡಿದೆ. ಒಂದೇ ಗೆರೆ. ಬಚ್ಚಲಲ್ಲೇ ಕೂತು ಐದು ನಿಮಿಷ ಅತ್ತುಬಿಟ್ಟೆ. ಸಂತೋಷಕ್ಕೋ ಹೆದರಿಕೆಗೋ ಗೊತ್ತಿಲ್ಲ.

ಮೇಷ್ಟ್ರು ಮತ್ತು ಬಾಯಮ್ಮ ಬರೆದದ್ದನ್ನು ನನ್ನವರಿಗೆ ಓದಿ ಹೇಳಿದೆ. ಸವಿತಾ ವಿಷಯ ಬಂದಾಗ ಅವರು ಮೊಬೈಲ್ ತೆಗೆದುಕೊಂಡು ತಾವೇ ಮುಂದೆ ಓದಿದರು. ಆಮೇಲೆ ಅಮ್ಮನ ಹತ್ತಿರ ಹೋಗಿ, ಕೊಂಕಣಿಯಲ್ಲಿ, ಅದು ಮಗುವನ್ನು ಕೊಲ್ಲುವುದಲ್ಲ, ಮಗು ಆಗದ ಹಾಗೆ ತಡೆಯುವುದು ಅಂದರು. ಮದುವೆಯಾಗಿ ಆರು ವರ್ಷದಲ್ಲಿ ಅವರು ಅತ್ತೆಗೆ ಎದುರು ಹೇಳಿದ್ದು ಇದೇ ಮೊದಲು. ಅತ್ತೆ, "ಹಾಗಾದರೆ ಪಾಪನಿವೇದನೆಯಲ್ಲಿ ಏನಂತ ಹೇಳುವುದು?" ಅಂತ ಕೇಳಿದರು. ಅದಕ್ಕೆ ನಮ್ಮಿಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಅವರು ಚೆಂಡು ಕಟ್ಟುವುದನ್ನು ಮುಂದುವರಿಸಿದರು.

ಗುರುವಾರ ಉಡುಪಿಯ ಸರ್ಕಾರಿ ಆಸ್ಪತ್ರೆಗೆ ಹೋಗುವುದು ಅಂತ ಮಾಡಿದ್ದೇವೆ. ಏನೆಲ್ಲ ತೆಗೆದುಕೊಂಡು ಹೋಗಬೇಕು?

ನಿವೃತ್ತ ಬಾಯಮ್ಮ, ಕುಂದಾಪುರ

ತಾಯಿ ಕಾರ್ಡ್, ಆಧಾರ್, ಎರಡೂ ಸಿಸೇರಿಯನ್‌ನ ಡಿಸ್ಚಾರ್ಜ್ ಚೀಟಿ. ಹೊಲಿಗೆ ತೆಳು ಅಂತ ಬರೆದ ಚೀಟಿಯನ್ನು ಮೊದಲೇ ತೋರಿಸು, ಅವರು ಕೇಳುವವರೆಗೆ ಕಾಯಬೇಡ. ಮೊನ್ನೆ ಮೊನ್ನೆ ಆದ ಬಸಿರು ಟೆಸ್ಟಿನಲ್ಲಿ ಕಾಣುವುದಿಲ್ಲ, ಅದನ್ನೂ ಅವರಿಗೆ ಹೇಳು. ಹಾಕಿದ ಮೇಲೆ ಎರಡು ಮೂರು ತಿಂಗಳು ಮುಟ್ಟು ಸ್ವಲ್ಪ ಜಾಸ್ತಿ ಹೋಗಬಹುದು. ಜ್ವರ ಬಂದರೆ, ಕೆಟ್ಟ ವಾಸನೆ ಬಂದರೆ, ನೂಲು ಕೈಗೆ ಸಿಗದೆ ಹೋದರೆ ಅವತ್ತೇ ಹೋಗಬೇಕು. ಅತ್ತೆಯವರನ್ನೂ ಕರೆದುಕೊಂಡು ಹೋಗು. ಹಾಕುವ ಮುಂಚೆ ವಂಕಿಯನ್ನು ಅವರ ಅಂಗೈಯಲ್ಲಿ ಒಮ್ಮೆ ಇಟ್ಟು ತೋರಿಸಿ ಅಂತ ಸಿಸ್ಟರ್ ಹತ್ತಿರ ಕೇಳು, ತೋರಿಸುತ್ತಾರೆ.